ಕೊಡಗಿನಲ್ಲಿ ವಲಸೆ ಹಕ್ಕಿ ನೋಡುವುದು ಹೇಗೆ? ಕೈಲ್ ಪೊಳ್ದ್‌ನಿಂದ ಹುತ್ತರಿವರೆಗೆ

ಆಗಸ್ಟ್ ಮುಗಿಯುತ್ತಾ ಬಂದರೆ ಸಾಕು, ನನ್ನ ಫೋನಿಗೆ ಒಂದೇ ತರದ ಪ್ರಶ್ನೆಗಳು ಬರಲು ಶುರು. ವಲಸೆ ಹಕ್ಕಿಗಳು ಯಾವಾಗ ಬರುತ್ತವೆ? ಎಲ್ಲಿಗೆ ಹೋದರೆ ಕಾಣುತ್ತವೆ? ದೊಡ್ಡ ಕ್ಯಾಮೆರಾ ಬೇಕಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಹಾಗಾಗಿ ಎಲ್ಲವನ್ನೂ ಇಲ್ಲೇ ಬರೆದಿಡುತ್ತೇನೆ.

ಮೊದಲೇ ಒಂದು ಮಾತು. "ಎಲ್ಲಿಗೆ ಹೋಗಬೇಕು" ಅಂತ ಕೇಳುವವರೇ ಜಾಸ್ತಿ, ಆದರೆ ಕೊಡಗಿನಲ್ಲಿ ಅದು ಅಷ್ಟು ಮುಖ್ಯವಲ್ಲ. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ತೋಟದ ದಾರಿ, ಒಂದು ತೋಡು, ಒಂದು ಗದ್ದೆ ಏರಿ ಸಾಕು. ಅದೇ ಜಾಗಕ್ಕೆ ವಾರಕ್ಕೆ ಎರಡು ಸಲ ಹೋಗಿ. ಹತ್ತು ಜಾಗಕ್ಕೆ ಒಂದೊಂದು ಸಲ ಹೋದವರಿಗೆ ಹಕ್ಕಿ ಕಾಣಬಹುದು, ಆದರೆ ಹಕ್ಕಿ "ಬಂದಿದ್ದು" ಗೊತ್ತಾಗುವುದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದವರಿಗೆ ಮಾತ್ರ. ಮಂಗಳವಾರ ಇರಲಿಲ್ಲ, ಶುಕ್ರವಾರ ಇದೆ. ಅಷ್ಟೇ ವಿಷಯ.

ಮೂರು ಪದ ತಿಳಿದಿರಲಿ. ವರ್ಷವಿಡೀ ನಮ್ಮಲ್ಲೇ ಇರುವುದು ಸ್ಥಳೀಯ ಹಕ್ಕಿ. ಹಿಮಾಲಯದಿಂದಲೋ ಇನ್ನೂ ಉತ್ತರದಿಂದಲೋ ಬಂದು ಮಾರ್ಚ್, ಏಪ್ರಿಲ್‌ವರೆಗೆ ಇದ್ದು ಹೋಗುವುದು ಚಳಿಗಾಲದ ಅತಿಥಿ. ಒಂದೆರಡು ದಿನ ಇಳಿದು ಮುಂದೆ ಹೋಗುವುದು ದಾರಿಹೋಕ, ಹಕ್ಕಿ ನೋಡುವವರು ಇದನ್ನು ಪ್ಯಾಸೇಜ್ ಮೈಗ್ರೆಂಟ್ ಅನ್ನುತ್ತಾರೆ. ನಮಗೆ ಸಿಗುವುದರಲ್ಲಿ ಹೆಚ್ಚಿನವು ಎರಡನೇ ಗುಂಪಿನವು.

ಹಂತ 1: ಕ್ಯಾಲೆಂಡರ್ ಸರಿಯಾಗಿ ಇಟ್ಟುಕೊಳ್ಳಿ

ಎಲ್ಲಾ ಹಕ್ಕಿಗಳೂ ಒಂದೇ ದಿನ ಬಸ್ಸಿನಿಂದ ಇಳಿಯುವುದಿಲ್ಲ. ನಾನು ನಮ್ಮ ಹಬ್ಬಗಳ ಲೆಕ್ಕದಲ್ಲೇ ನೆನಪಿಟ್ಟುಕೊಳ್ಳುತ್ತೇನೆ.

ಕೈಲ್ ಪೊಳ್ದ್ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರಕ್ಕೆ, ಬೂದು ಕುಂಡೆಕುಸ್ಕ ಬಂದಿರುತ್ತದೆ. ಗ್ರೇ ವ್ಯಾಗ್‌ಟೇಲ್ ಅನ್ನುತ್ತಾರಲ್ಲ, ಅದೇ. ಕೆಲವು ವರ್ಷ ಆಗಸ್ಟ್ ಕೊನೆಗೇ ಹಾಜರು. ಮಳೆ ಇನ್ನೂ ಬಿಟ್ಟಿರುವುದಿಲ್ಲ, ನಾವೇ ಮನೆಯಿಂದ ಹೊರಗೆ ಕಾಲಿಟ್ಟಿರುವುದಿಲ್ಲ, ಅದು ಆಗಲೇ ತೋಟದ ರಸ್ತೆಯಲ್ಲಿ ಓಡಾಡುತ್ತಿರುತ್ತದೆ. ನದಿ ಅಂಚಿನ ಗದ್ದೆಗೊರವವೂ (ಸ್ಯಾಂಡ್‌ಪೈಪರ್) ಬೇಗ ಬರುತ್ತದೆ. ಸೆಪ್ಟೆಂಬರ್ ಕಳೆಯುವುದರೊಳಗೆ ಸಣ್ಣ ಹಸಿರು ಉಲಿಯಕ್ಕಿಗಳು (ವಾರ್ಬ್ಲರ್), ಕಂದು ಕಳಿಂಗ (ಬ್ರೌನ್ ಶ್ರೈಕ್), ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳು ಬರುತ್ತವೆ.

ತುಲಾ ಸಂಕ್ರಮಣದ ಆಚೆ ಈಚೆ, ಅಂದರೆ ಅಕ್ಟೋಬರ್ ನಡುಭಾಗ, ಅತಿ ಒಳ್ಳೆಯ ಕಾಲ. ನವರಂಗ (ಇಂಡಿಯನ್ ಪಿಟ್ಟಾ), ಕಾಡು ಕುಂಡೆಕುಸ್ಕ, ಬೂದು ಕಾಜಾಣ (ಆ್ಯಶಿ ಡ್ರೊಂಗೊ), ನೊಣಹಿಡುಕಗಳು, ರಾಜಹಕ್ಕಿ, ಇಂಡಿಯನ್ ಬ್ಲೂ ರಾಬಿನ್ ಎಲ್ಲಾ ಈ ಹೊತ್ತಿಗೆ ಸೇರಿಕೊಳ್ಳುತ್ತವೆ. ವರ್ಷಕ್ಕೆ ಒಂದೇ ವಾರ ರಜೆ ಸಿಗುವುದಾದರೆ ಆ ವಾರ ಇದೇ ಆಗಿರಲಿ.

ಹುತ್ತರಿ ಹೊತ್ತಿಗೆ, ಅಂದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ, ಬರಬೇಕಾದವು ಬಂದಾಗಿರುತ್ತವೆ. ನೀಲಿ ತಲೆಯ ರಾಕ್ ಥ್ರಷ್ ತೋಟದ ಮರಗಳಲ್ಲಿ, ಹುಲ್ಲುಬೆಟ್ಟಗಳಲ್ಲಿ ಕೆಸ್ಟ್ರೆಲ್ ಎಂಬ ಸಣ್ಣ ಡೇಗೆ.

ಇಲ್ಲಿ ಆಗುವ ತಪ್ಪು: ಡಿಸೆಂಬರ್ ರಜೆಯಲ್ಲಿ ಬಂದು "ವಲಸೆ ಶುರುವಾಯ್ತಾ?" ಅಂತ ಕೇಳುವುದು. ಅಷ್ಟರಲ್ಲಿ ಅದು ಮುಗಿದಿರುತ್ತದೆ. ಹಕ್ಕಿ ಇರುತ್ತವೆ, ಬರುವ ಸಂಭ್ರಮ ಇರುವುದಿಲ್ಲ.

ಹಂತ 2: ಜಾಗ ಆರಿಸಿಕೊಳ್ಳಿ

ಕೊಡಗು ಸಣ್ಣ ಜಿಲ್ಲೆ, ಆದರೆ ಪಶ್ಚಿಮಕ್ಕೂ ಪೂರ್ವಕ್ಕೂ ಅಜಗಜಾಂತರ. ಭಾಗಮಂಡಲ ಕಡೆ ಮಳೆ ಸುರಿಯುವಷ್ಟು ಕುಶಾಲನಗರ ಕಡೆ ಸುರಿಯುವುದಿಲ್ಲ. ಮಡಿಕೇರಿಯಲ್ಲಿ ಮಂಜು ಕವಿದು ಎದುರಿನ ಮರವೂ ಕಾಣದ ಬೆಳಿಗ್ಗೆ, ಸುಂಟಿಕೊಪ್ಪ ದಾಟಿ ಇಳಿದರೆ ಬಿಸಿಲು ಇರಬಹುದು. ಅದಕ್ಕೇ ಮಂಜಿದ್ದ ದಿನ ಬೆಟ್ಟದ ಮೇಲೆ ಹಠ ಹಿಡಿದು ನಿಲ್ಲಬೇಡಿ.

ಹೊಸಬರಿಗೆ ಕಾಫಿ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲ. ನೆರಳಿನ ಮರ ಜಾಸ್ತಿ ಇರುವ ಹಳೇ ತೋಟ ಆಗಬೇಕು. ಅತ್ತಿ, ಬಸರಿ, ಹಲಸು, ನಂದಿ ತರದ ಊರಿನ ಮರಗಳಿರುವ ಕಡೆ ಮೂರು ಮಹಡಿ ಸಿಗುತ್ತದೆ: ನೆಲದ ತರಗೆಲೆ, ನಡುವೆ ಕಾಫಿ ಗಿಡ, ಮೇಲೆ ಮರದ ತುದಿ. ಒಂದೊಂದು ಮಹಡಿಗೆ ಒಂದೊಂದು ಹಕ್ಕಿ. ಬರೀ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಅಷ್ಟು ಸಿಗುವುದಿಲ್ಲ.

ಜಲಾಶಯಗಳ ವಿಷಯಕ್ಕೆ ಬನ್ನಿ. ಹಾರಂಗಿಗೆ ಹೋದೆ, ಚಿಕ್ಲಿಹೊಳೆಗೆ ಹೋದೆ, ಒಂದು ಗೊರವವೂ ಇಲ್ಲ ಅಂತ ಬೇಸರ ಮಾಡಿಕೊಳ್ಳುವವರು ಬಹಳ. ಯೋಚನೆ ಮಾಡಿ, ಮಳೆಗಾಲ ಮುಗಿದಾಗ ಜಲಾಶಯ ತುಂಬಿರುತ್ತದೆ. ಗೊರವಗಳಿಗೆ ಬೇಕಾದದ್ದು ಕೊಕ್ಕು ಹಾಕಿ ಕೆದಕುವ ಕೆಸರು. ತುಂಬಿದ ಕೆರೆಯಲ್ಲಿ ಕೆಸರು ಎಲ್ಲಿಂದ ಬರಬೇಕು? ನೀರು ಇಳಿದ ಮೇಲೆ ಹೋಗಿ. ಅಕ್ಟೋಬರಿನಲ್ಲಿ ಗದ್ದೆಯ ಏರಿ, ತೋಡಿನ ಅಂಚು, ಕಾವೇರಿ ಹೊಳೆಯ ಕಲ್ಲುಗಳು, ಇಷ್ಟನ್ನು ನೋಡಿಕೊಳ್ಳಿ.

ಮಾಂದಲಪಟ್ಟಿ, ಕೋಟೆಬೆಟ್ಟದಂಥ ಹುಲ್ಲುಬೆಟ್ಟಗಳು ಬೇಟೆ ಹಕ್ಕಿಗಳಿಗೆ. ಅವು ಬಿಸಿಲೇರಿ ಗಾಳಿ ಮೇಲೇಳುವವರೆಗೆ ಹಾರುವುದಿಲ್ಲ, ಹಾಗಾಗಿ ಒಂಬತ್ತೂವರೆ ಹತ್ತರ ಮೇಲೆ ಹೋದರೂ ನಡೆಯುತ್ತದೆ. ಜೀಪುಗಳ ಸದ್ದಿನ ಶನಿವಾರ, ಭಾನುವಾರ ಮಾತ್ರ ಬೇಡ.

ಹಂತ 3: ಸಾಮಾನು

ಕ್ಯಾಮೆರಾ ಬೇಡ. ಅಂದರೆ ಇದ್ದರೆ ಬೇಡ ಅನ್ನುವುದಿಲ್ಲ, ಆದರೆ ಮೊದಲು ಬೈನಾಕ್ಯುಲರ್. ಅದರ ಮೇಲೆ 8x42 ಅಂತ ಬರೆದಿರುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಗಲ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ. ಅಂಗಡಿಯವರು "10x ತಗೊಳ್ಳಿ, ಇನ್ನೂ ದೊಡ್ಡದಾಗಿ ಕಾಣುತ್ತೆ" ಅನ್ನುತ್ತಾರೆ. ಕೈ ನಡುಗುವುದೂ ಹತ್ತು ಪಟ್ಟು ಕಾಣುತ್ತದೆ, ತೋಟದ ನೆರಳಿನಲ್ಲಿ ಕತ್ತಲೂ ಅನ್ನಿಸುತ್ತದೆ. ಕೊಡಗಿಗೆ 8x42 ಸರಿ.

ತಂದ ದಿನವೇ ಇದನ್ನು ಮಾಡಿ: ಬಲಗಣ್ಣು ಮುಚ್ಚಿ, ಎಡಗಣ್ಣಿನಲ್ಲಿ ದೂರದ ಒಂದು ಎಲೆ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಚೊಕ್ಕ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಬಲಗಡೆ ಕಣ್ಣಿಡುವ ಜಾಗದ ಉಂಗುರ ತಿರುಗಿಸಿ ಅದೇ ಎಲೆ ಚೊಕ್ಕ ಮಾಡಿ. ಆಮೇಲೆ ಆ ಉಂಗುರ ಮುಟ್ಟಬೇಡಿ. ಕನ್ನಡಕ ಹಾಕುವವರು ರಬ್ಬರ್ ಬಟ್ಟಲನ್ನು ಒಳಗೆ ಇಳಿಸಿಕೊಳ್ಳಿ. ಇಷ್ಟು ಮಾಡದೆ ವರ್ಷಗಟ್ಟಲೆ ಮಸುಕು ಹಕ್ಕಿ ನೋಡಿದವರನ್ನು ನಾನು ಬಲ್ಲೆ.

ಇನ್ನೊಂದು ನಮ್ಮ ಊರಿನದೇ ತಾಪತ್ರಯ, ಬೂಷ್ಟು. ನನ್ನ ಮೊದಲ ಬೈನಾಕ್ಯುಲರನ್ನು ಜೂನ್ ತಿಂಗಳಲ್ಲಿ ಬೀರುವಿನಲ್ಲಿಟ್ಟು ಸೆಪ್ಟೆಂಬರಿನಲ್ಲಿ ತೆಗೆದೆ. ಗಾಜಿನ ಒಳಗಡೆ ಜೇಡರ ಬಲೆಯ ಹಾಗೆ ಬಿಳಿ ಎಳೆ ಹಬ್ಬಿತ್ತು. ಒಳಗೆ ಬೆಳೆದದ್ದನ್ನು ಬಟ್ಟೆಯಲ್ಲಿ ಒರೆಸಲಾಗುವುದಿಲ್ಲ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಹಾಕಿ ಅದರೊಳಗಿಡಿ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದಿದೆ ಎಂದರ್ಥ, ಬದಲಾಯಿಸಿ. ಅಕ್ಕಿ ಡಬ್ಬಿಯಲ್ಲಿಡುವ ಉಪಾಯ ಬೇಡ, ಧೂಳು ಹಿಡಿಯುತ್ತದೆ.

ಉಳಿದಂತೆ ಜೇಬಿಗೆ ಹಿಡಿಸುವ ನೋಟ್‌ಬುಕ್, ಪೆನ್ಸಿಲ್, ಏಕೆಂದರೆ ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ. ಕೊಡೆ, ಗಂಬೂಟು, ಜಿಗಣೆಗೆ ಉಪ್ಪಿನ ಗಂಟು ಅಥವಾ ಹೊಗೆಸೊಪ್ಪು. ಬಟ್ಟೆ ಹಸಿರೋ ಕಂದೋ ಯಾವುದಾದರೂ ನಡೆಯುತ್ತದೆ, ಬಿಳಿ ಮಾತ್ರ ಬೇಡ.

ಹಂತ 4: ಒಪ್ಪಿಗೆ ಕೇಳಿ, ಆನೆ ಕೇಳಿ

ಗೇಟು ತೆರೆದಿದೆ ಅಂತ ತೋಟಕ್ಕೆ ನುಗ್ಗಬೇಡಿ. ಕಾಫಿ, ಕರಿಮೆಣಸು ಕಳ್ಳತನದ ಕಾಟ ಇದ್ದೇ ಇದೆ. ಕತ್ತಲೆ ಹರಿಯುವ ಮೊದಲು ಬೈನಾಕ್ಯುಲರ್ ಹಿಡಿದು ಬೇಲಿ ಪಕ್ಕ ನಿಂತ ಅಪರಿಚಿತನನ್ನು ಯಾರೂ ಹಕ್ಕಿ ನೋಡುವವನು ಅಂದುಕೊಳ್ಳುವುದಿಲ್ಲ. ಮಾಲೀಕರನ್ನು ಕೇಳಿ, ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಿಗೂ ಗೊತ್ತಿರಲಿ. ದೇವರಕಾಡಿಗೆ ಹೋಗುವುದಾದರೆ ಊರಿನ ತಕ್ಕರನ್ನು, ಅಂದರೆ ಹಿರಿಯ ಮುಖ್ಯಸ್ಥರನ್ನು, ವಿಚಾರಿಸಿ. ಕೆಲವು ಕಡೆ ಚಪ್ಪಲಿ ಹಾಕುವ ಹಾಗಿಲ್ಲ, ಕೆಲವು ಕಡೆ ಒಳಗೆ ಹೋಗುವ ಹಾಗೇ ಇಲ್ಲ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಜೀವಿ ಧಾಮಗಳಿಗೂ ನಾಗರಹೊಳೆಗೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಆನೆ ವಿಷಯದಲ್ಲಿ ತಮಾಷೆ ಇಲ್ಲ. ಹಕ್ಕಿ ಬರುವ ಕಾಲ ಮತ್ತು ಭತ್ತ ಹಾಲುಗಟ್ಟುವ ಕಾಲ ಒಂದೇ. ಆನೆಗಳು ಗದ್ದೆಗೆ ಇಳಿದು ಬೆಳಿಗ್ಗೆ ತೋಟದ ಮೂಲಕವೇ ವಾಪಸು ಹೋಗುತ್ತವೆ, ಅದೂ ಸರಿಯಾಗಿ ನೀವು ಹೊರಡುವ ಹೊತ್ತಿಗೆ. ಹಿಂದಿನ ಸಂಜೆ ಫೋನ್ ಮಾಡಿ "ಆನೆ ಉಂಟಾ?" ಅಂತ ಕೇಳಿ. ಬೆಳಿಗ್ಗೆ ಲೈನ್‌ಮನೆಯವರನ್ನು, ಅಂದರೆ ತೋಟದಲ್ಲೇ ಇರುವ ಕಾರ್ಮಿಕರನ್ನು, ಮತ್ತೊಮ್ಮೆ ಕೇಳಿ, ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಹಸಿ ಲದ್ದಿ, ಸೀಳಿ ಹಾಕಿದ ಬೈನೆ ಮರ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಬೇಡ, ಮಂಜು ಕರಗುವವರೆಗೆ ಕಾಫಿ ಗಿಡದ ಮಧ್ಯೆ ಕಾಲಿಡಬೇಡಿ. ಸೋಲಾರ್ ಬೇಲಿಯ ತಂತಿಗೆ ಬೈನಾಕ್ಯುಲರ್ ಪಟ್ಟಿ ತಗುಲದ ಹಾಗೆ ನೋಡಿಕೊಳ್ಳಿ.

ಹಂತ 5: ನಡೆಯುವುದಕ್ಕಿಂತ ನಿಲ್ಲಿ

ಬೆಳಿಗ್ಗೆ ಆರೂಮುಕ್ಕಾಲರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರಿ ಬೆಳಗಿನ ಜಾವ ಇಳಿಯುತ್ತವೆ. ಇಳಿದ ತಕ್ಷಣ ಹೊಟ್ಟೆ ಹಸಿವು. ಎರಡು ಮೂರು ದಿನ ಮಳೆ ಹಿಡಿದು ಬಿಟ್ಟ ಮಾರನೇ ಬೆಳಿಗ್ಗೆಯನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ಇಡೀ ಸೀಸನ್ನಿನಲ್ಲಿ ಅಂಥವು ನಾಲ್ಕೈದು ಸಿಗಬಹುದು.

ಒಂದು ಮರದ ಕೆಳಗೆ ಹದಿನೈದು ನಿಮಿಷ ಸುಮ್ನೆ ನಿಲ್ಲಿ. ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದು ಗುಂಪು ಬರುತ್ತದೆ, ಕಾಜಾಣ, ಉಲಿಯಕ್ಕಿ, ನೊಣಹಿಡುಕ ಎಲ್ಲಾ ಒಟ್ಟಿಗೆ. ಮದುವೆ ಮನೆ ಊಟದ ಪಂಕ್ತಿ ಇದ್ದ ಹಾಗೆ, ಒಬ್ಬರು ಎದ್ದರೆ ಎಲ್ಲರೂ ಎದ್ದರು. ಇದಕ್ಕೆ ಬೇಟೆಗುಂಪು ಅಂತ ಹೆಸರು. ಮುಂದೆ ಮುಂದೆ ನಡೆಯುತ್ತಿದ್ದವರಿಗೆ ಇದು ತಪ್ಪಿಹೋಗುತ್ತದೆ.

ಹಕ್ಕಿ ಕಂಡಾಗ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿನ ಹತ್ತಿರ ತನ್ನಿ. ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕಿದಿರೋ, ಹಕ್ಕಿ ಹೋಯಿತು.

ಹಂತ 6: ಮೊದಲು ಈ ಕೆಲವನ್ನು ಕಲಿಯಿರಿ

ಮುನ್ನೂರು ಹೆಸರು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ತೋಟದಲ್ಲಿ ಖಂಡಿತ ಎದುರಾಗುವ, ಎಲ್ಲರೂ ಎಡವುವ ಕೆಲವನ್ನು ಹೇಳುತ್ತೇನೆ.

ಬೂದು ಕುಂಡೆಕುಸ್ಕ. ಇದರಲ್ಲೇ ಮೊದಲ ತಪ್ಪು ಆಗುವುದು. ಬಾಲದ ಬುಡ, ಹೊಟ್ಟೆ ಹಳದಿ ಕಂಡ ಕೂಡಲೇ "ಹಳದಿ ಕುಂಡೆಕುಸ್ಕ" ಅಂತ ಬರೆದುಬಿಡುತ್ತಾರೆ. ಬೆನ್ನು ನೋಡಿ. ಬೆನ್ನು ಬೂದು, ಬಾಲ ಮೈಗಿಂತ ಉದ್ದ, ತೋಡಿನ ಪಕ್ಕ ಅಥವಾ ತೋಟದ ಒದ್ದೆ ರಸ್ತೆಯಲ್ಲಿ ಒಂದೇ ಇದ್ದರೆ ಅದು ಬೂದು. ಹಳದಿಯದು ಬಯಲು ಗದ್ದೆಯದು, ಬೆನ್ನಿನಲ್ಲಿ ಹಸಿರು ಛಾಯೆ, ಬಾಲ ಅಷ್ಟು ಉದ್ದ ಇಲ್ಲ. ಹೊಳೆ ಬಂಡೆ ಮೇಲೆ ಕಪ್ಪು ಬಿಳುಪು ದೊಡ್ಡ ಕುಂಡೆಕುಸ್ಕ ಕಂಡರೆ ಅದು ವರ್ಷವಿಡೀ ಇಲ್ಲೇ ಇರುವುದು, ವಲಸೆಯದಲ್ಲ.

ಕಾಡು ಕುಂಡೆಕುಸ್ಕ. ಇದು ನನ್ನ ಮೆಚ್ಚಿನದು. ಉಳಿದ ಕುಂಡೆಕುಸ್ಕಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಎಡಕ್ಕೆ ಬಲಕ್ಕೆ ತೂಗುತ್ತದೆ, ಸೊಂಟದ ಸಮೇತ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ. ತರಗೆಲೆಯ ಮೇಲೆ ನಡೆಯುತ್ತಿರುತ್ತದೆ, ನೀವು ಹತ್ತಿರ ಹೋದರೆ ಹಾರಿ ಮರದ ಕೊಂಬೆಯ ಮೇಲೆ ಕೂತು ಅಲ್ಲೂ ತೂಗುತ್ತದೆ. ಪೂರ್ವ ಏಷ್ಯಾದಲ್ಲಿ ಮರಿ ಮಾಡಿ ನಮ್ಮ ಕಾಫಿ ನೆರಳಿಗೆ ಬರುತ್ತದೆ.

ಹಸಿರು ಉಲಿಯಕ್ಕಿಗಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಎಲೆ ಬಣ್ಣ, ಎಲೆಗಳ ನಡುವೆಯೇ ಓಡಾಟ. ಹೊಸಬರು ಇಲ್ಲಿ ಸೋಲುತ್ತಾರೆ, ಹಳಬರೂ ಸೋಲುತ್ತಾರೆ. ಗ್ರೀನ್, ಗ್ರೀನಿಶ್ ಅಂತ ಎರಡು ಹೆಚ್ಚು ಕಡಿಮೆ ಒಂದೇ ತರ. ಕಣ್ಣಿಗಿಂತ ಕಿವಿ ನಂಬಿ: ಮರದ ಮೇಲಿಂದ "ಚಿಸ್ಲೀ, ಚಿಸ್ಲೀ" ಅಂತ ಕೇಳಿದರೆ ಈ ಜೋಡಿಯಲ್ಲಿ ಒಂದು. ಯಾವುದು ಅಂತ ಖಾತ್ರಿ ಇಲ್ಲದಿದ್ದರೆ "ಎರಡರಲ್ಲೊಂದು" ಅಂತಲೇ ಬರೆಯಿರಿ, ನಾಚಿಕೆ ಏನಿಲ್ಲ. ಕೆಳಗೆ ಪೊದೆಯೊಳಗಿಂದ ಕಲ್ಲಿಗೆ ಕಲ್ಲು ಬಡಿದ ಹಾಗೆ "ಟೆಕ್… ಟೆಕ್" ಬಂದರೆ ಅದು ಕಂದು ಬಣ್ಣದ ಬ್ಲಿತ್ಸ್ ರೀಡ್ ವಾರ್ಬ್ಲರ್.

ನೊಣಹಿಡುಕಗಳಲ್ಲಿ ಎರಡು ಕಂದು. ಎರಡೂ ಕೊಂಬೆ ಮೇಲೆ ನೆಟ್ಟಗೆ ಕೂತು, ಹಾರಿ ಹುಳ ಹಿಡಿದು, ವಾಪಸು ಬರುತ್ತವೆ. ಕಾಲು ನೋಡಿ. ಕಾಲು ಕಪ್ಪಗಿದ್ದರೆ ಏಷ್ಯನ್ ಬ್ರೌನ್, ಕಾಲು ತಿಳಿ ಬಣ್ಣದ್ದಾಗಿ ಕಣ್ಣಿನ ಸುತ್ತ ಬಿಳಿ ಬಳೆ ದಪ್ಪಗಿದ್ದರೆ ಬ್ರೌನ್ ಬ್ರೆಸ್ಟೆಡ್. ಎರಡನೆಯದು ತಂಪು ನೆರಳಿನಲ್ಲಿ, ತಗ್ಗು ಕೊಂಬೆಯಲ್ಲಿ ಇರುತ್ತದೆ.

ಬೂದು ಕಾಜಾಣ. ತಂತಿ ಮೇಲೆ, ದನದ ಬೆನ್ನ ಮೇಲೆ ಕೂರುವ ಕರಿ ಕಾಜಾಣ ನಮ್ಮದು. ಮರದ ತುದಿಯ ಒಣ ಕೊಂಬೆಯಲ್ಲಿ ಕೂತು, ಹೊಟ್ಟೆ ಬೂದಿ ಬಣ್ಣ, ಕಣ್ಣು ಕೆಂಡದ ಹಾಗೆ ಕೆಂಪಗಿದ್ದರೆ ಅದು ಅತಿಥಿ.

ಕಂದು ಕಳಿಂಗನನ್ನು ಕಂಡುಹಿಡಿಯುವುದು ಸುಲಭ. ಕಣ್ಣಿಗೆ ಕಳ್ಳನ ಹಾಗೆ ಕಪ್ಪು ಪಟ್ಟಿ, ಸಂಜೆ ಹೊತ್ತು ಒರಟು ಗಲಾಟೆ. ಒಂದು ಬೇಲಿ ಗೂಟ ಹಿಡಿದರೆ ತಿಂಗಳುಗಟ್ಟಲೆ ಅದನ್ನು ಬಿಡುವುದಿಲ್ಲ.

ನವರಂಗವನ್ನು ನೋಡುವ ಮೊದಲು ಕೇಳುತ್ತೀರಿ. ಬೆಳಕು ಹರಿಯುವಾಗ, ಮತ್ತೆ ಸಂಜೆ ಆರರ ಸುಮಾರಿಗೆ, ಎರಡು ಸ್ವರದ ಜೋರು ಸಿಳ್ಳೆ. ತಮಿಳಿನಲ್ಲಿ ಇದನ್ನು ಆರು ಗಂಟೆಯ ಕುರುವಿ ಅನ್ನುವುದು ಅದಕ್ಕೇ. ಹುಡುಕಿಕೊಂಡು ಪೊದೆಗೆ ನುಗ್ಗಬೇಡಿ. ಕೂಗಿದ ಜಾಗ ಗುರುತಿಟ್ಟುಕೊಂಡು ಮಾರನೇ ದಿನ ಸ್ವಲ್ಪ ಮೊದಲೇ ಹೋಗಿ ಕೂತುಕೊಳ್ಳಿ, ಎಲೆ ಕೆದಕುತ್ತಾ ಅದೇ ಹೊರಗೆ ಬರುತ್ತದೆ.

ಹಂತ 7: ಆ್ಯಪ್ ಬಳಸಿ, ಆದರೆ ಪೂರ್ತಿ ನಂಬಬೇಡಿ

ಎರಡು ಆ್ಯಪ್ ಸಾಕು, ಎರಡೂ ಉಚಿತ. ಮರ್ಲಿನ್ ಹಕ್ಕಿಯ ದನಿ ಕೇಳಿ ಹೆಸರು ಸೂಚಿಸುತ್ತದೆ. ಇ-ಬರ್ಡ್ ನೀವು ನೋಡಿದ್ದನ್ನು ಬರೆದಿಡಲು. ಎರಡೂ ಅಮೆರಿಕದ ಕಾರ್ನೆಲ್ ಲ್ಯಾಬ್ ಮಾಡಿದ್ದು. ನಮ್ಮ ಕಡೆ ನೆಟ್‌ವರ್ಕ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ ಅಲ್ವಾ, ಹಾಗಾಗಿ ನಿಮ್ಮ ಪ್ರದೇಶದ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಮರ್ಲಿನ್ ಹೇಳಿದ್ದೆಲ್ಲಾ ಪಟ್ಟಿಗೆ ಹಾಕುವುದು ಈಗಿನ ದೊಡ್ಡ ಪಿಡುಗು. ಕಾಜಾಣದ ಜಾತಿಯ ಭೀಮರಾಜ ಹತ್ತು ಹಕ್ಕಿಯ ದನಿ ಅಣಕಿಸುತ್ತದೆ, ಪಾಪ ಆ್ಯಪ್‌ಗೇನು ಗೊತ್ತು? ಅದು ಹೇಳಿದ್ದು ಸುಳಿವು, ಸಾಕ್ಷಿ ಅಲ್ಲ. ಹಕ್ಕಿಯನ್ನು ನೋಡಿ, ಇಲ್ಲವೇ ದನಿ ನಿಮಗೇ ಗುರುತಾಗಲಿ, ಆಮೇಲೆ ಬರೆಯಿರಿ.

ಇ-ಬರ್ಡ್‌ನಲ್ಲಿ ಚೆಕ್‌ಲಿಸ್ಟ್ ಅಂದರೆ ಒಂದು ಸುತ್ತಿನ ಪಟ್ಟಿ. ಹದಿನೈದು ನಿಮಿಷದ್ದಾದರೂ ಸಾಕು. ಕೊನೆಯಲ್ಲಿ "ಗುರುತು ಸಿಕ್ಕ ಎಲ್ಲವನ್ನೂ ಬರೆದಿದ್ದೀರಾ?" ಅಂತ ಕೇಳುತ್ತದೆ. ಕಾಗೆ, ಪಿಕಳಾರ, ಮೈನಾ ಎಲ್ಲಾ ಬರೆದಿದ್ದರೆ ಮಾತ್ರ ಹೌದು ಅನ್ನಿ. ಅಪರೂಪದ್ದನ್ನಷ್ಟೇ ಬರೆದು ಹೌದು ಒತ್ತಿದರೆ, ಅವತ್ತು ಕೊಡಗಿನಲ್ಲಿ ಕಾಗೆಯೇ ಇರಲಿಲ್ಲ ಅಂತ ದಾಖಲೆಯಾಗುತ್ತದೆ! ಸಂಖ್ಯೆ ಗೊತ್ತಿಲ್ಲದಿದ್ದರೆ ಅಂದಾಜು ಹಾಕಿ. ಜಾಗ ಗುರುತಿಸುವಾಗ ಮಡಿಕೇರಿ ಅಂತ ಇಡೀ ಊರಿನ ಮೇಲೆ ಚುಕ್ಕಿ ಇಡದೆ ನಿಂತ ಜಾಗಕ್ಕೇ ಇಡಿ.

ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದು, ಅಂದರೆ ಪ್ಲೇಬ್ಯಾಕ್, ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಸುಸ್ತಾದ ಹಕ್ಕಿಯನ್ನು ಇಲ್ಲದ ಎದುರಾಳಿಯ ಜೊತೆ ಜಗಳಕ್ಕೆ ಎಬ್ಬಿಸುವುದು ಯಾವ ನ್ಯಾಯ?

ಹಂತ 8: ಅಂಗಳದಲ್ಲಿ ನವರಂಗ ಬಿದ್ದಿದ್ದರೆ

ಅಕ್ಟೋಬರ್, ನವೆಂಬರಿನಲ್ಲಿ ಅತಿ ಹೆಚ್ಚು ಬರುವ ಫೋನು ಇದೇ. "ಏನೋ ಬಣ್ಣ ಬಣ್ಣದ ಹಕ್ಕಿ ವರಾಂಡದಲ್ಲಿ ಕೂತಿದೆ, ಹಾರ್ತಾ ಇಲ್ಲ." ರಾತ್ರಿ ಹಾರಿ ಸುಸ್ತಾಗಿರುತ್ತದೆ, ಇಲ್ಲವೇ ದೀಪದ ಬೆಳಕಿಗೆ ದಾರಿ ತಪ್ಪಿ ಕಿಟಕಿ ಗಾಜಿಗೆ ಬಡಿದುಕೊಂಡಿರುತ್ತದೆ.

ಹೀಗೆ ಮಾಡಿ. ನಾಯಿ, ಬೆಕ್ಕನ್ನು ಒಳಗೆ ಕಟ್ಟಿ. ತೆಳು ಬಟ್ಟೆ ಹಾಕಿ ಮೆಲ್ಲಗೆ ಎತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಕೆಳಗೆ ಹಳೇ ಬಟ್ಟೆ, ಪಕ್ಕಕ್ಕೆ ನಾಲ್ಕು ತೂತು, ಮುಚ್ಚಳ ಮುಚ್ಚಿ. ಕತ್ತಲೆ ಮತ್ತು ಸದ್ದಿಲ್ಲದಿರುವುದೇ ಔಷಧ. ನೀರು ಬಾಯಿಗೆ ಸುರಿಯಬೇಡಿ, ಅನ್ನ, ಸಕ್ಕರೆ ನೀರು ಏನೂ ಬೇಡ. ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ಮಕ್ಕಳಿಗೆ ತೋರಿಸಬೇಡಿ, ಸೆಲ್ಫಿಯೂ ಬೇಡ. ಒಂದೆರಡು ಗಂಟೆ ಬಿಟ್ಟು ಪೆಟ್ಟಿಗೆಯನ್ನು ಹತ್ತಿರದ ಕಾಫಿ ಗಿಡದ ನೆರಳಿಗೆ ಒಯ್ದು ನೆಲದಲ್ಲೇ ಮುಚ್ಚಳ ತೆಗೆಯಿರಿ. ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಇದ್ದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಚಂದ ಇದೆ ಅಂತ ಪಂಜರಕ್ಕೆ ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದು ಅಪರಾಧ.

ರಾತ್ರಿ ಕಣದ ದೊಡ್ಡ ದೀಪವನ್ನು ಅಗತ್ಯ ಇಲ್ಲದಿದ್ದರೆ ಆರಿಸಿ. ಕರೆಂಟ್ ಬಿಲ್ಲೂ ಉಳಿಯುತ್ತದೆ.

ಹಂತ 9: ಮೊದಲ ದಿನವನ್ನೂ ಕೊನೆಯ ದಿನವನ್ನೂ ಬರೆಯಿರಿ

2007ರಲ್ಲಿ ಮೈಗ್ರೆಂಟ್‌ವಾಚ್ ಅಂತ ಒಂದು ಕೆಲಸ ದೇಶದಲ್ಲಿ ಶುರುವಾಯಿತು. ಅದರಲ್ಲಿ ಜನರನ್ನು ಕೇಳಿದ್ದು ಮುಖ್ಯವಾಗಿ ಇಷ್ಟೇ: ಈ ಹಕ್ಕಿಯನ್ನು ಈ ವರ್ಷ ಮೊದಲು ಕಂಡದ್ದು ಯಾವತ್ತು? ದೊಡ್ಡ ಲೆನ್ಸು ಬೇಕಿರಲಿಲ್ಲ, ಒಂದು ತಾರೀಕು ಸಾಕಿತ್ತು. ನೀವೂ ಅದನ್ನೇ ಮಾಡಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಯಿರಿ: ತಾರೀಕು, ಜಾಗ, ಹಕ್ಕಿ, ಮಳೆ ಬಿಸಿಲು. ಹೋಗಿ ಏನೂ ಕಾಣದ ದಿನವನ್ನೂ "ಇಲ್ಲ" ಅಂತ ಬರೆಯಿರಿ. ಸೆಪ್ಟೆಂಬರ್ 2ಕ್ಕೆ ಇಲ್ಲ, 5ಕ್ಕೆ ಇಲ್ಲ, 9ಕ್ಕೆ ಒಂದು ಅಂತ ಇದ್ದರೆ ಮಾತ್ರ ಆ 9ಕ್ಕೆ ಬೆಲೆ.

ಜನವರಿ ಹೊತ್ತಿಗೆ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಎಲ್ಲರೂ ಪುಸ್ತಕ ಬದಿಗಿಡುತ್ತಾರೆ, ನಾನೂ ಇಟ್ಟಿದ್ದೇನೆ. ಆದರೆ ಮಾರ್ಚ್ ಕೊನೆಗೆ ಮತ್ತೆ ತೆಗೆಯಿರಿ. ತೋಡಿನ ಪಕ್ಕ ಅದೇ ಬೂದು ಕುಂಡೆಕುಸ್ಕ ಸಿಕ್ಕರೆ ಗಂಟಲು ನೋಡಿ. ಬಂದಾಗ ಬೆಳ್ಳಗಿದ್ದ ಗಂಟಲು ಗಂಡಾಗಿದ್ದರೆ ಕಪ್ಪಾಗುತ್ತಾ ಬಂದಿರುತ್ತದೆ, ಊರಿಗೆ ಹೊರಡುವ ತಯಾರಿ ಅದು. ಆಮೇಲೆ ಒಂದು ದಿನ ಆ ಜಾಗ ಖಾಲಿ ಇರುತ್ತದೆ. ಅದರ ಹಿಂದಿನ ಸಲ ಕಂಡ ತಾರೀಕಿನ ಕೆಳಗೆ ಗೆರೆ ಎಳೆಯಿರಿ.